ಕಲ್ಲು, ಕಾಡು, ಮುಖ: ಹಂಪಿ-ಸಂಡೂರು ಸೀಮೆಯ ಫಿಲ್ಮ್ ಛಾಯಾಗ್ರಹಣದಲ್ಲಿ ಭಾವಚಿತ್ರ

ಶಾಸನ, ನಾಣ್ಯ, ಕಡತ, ಪರದೇಶದ ಪ್ರವಾಸಿಗಳ ಬರಹ ಇವುಗಳನ್ನು ಆಕರಗಳೆಂದು ಆದರದಿಂದ ಕಾಣುವ ನಮ್ಮ ಇತಿಹಾಸವಿಭಾಗಗಳು ಛಾಯಾಚಿತ್ರವನ್ನು ಮಾತ್ರ ಇನ್ನೂ ಗ್ರಂಥದ ನಡುವೆ ಸೇರಿಸುವ ಒಂದು ಅಲಂಕಾರವೆಂದೇ ಎಣಿಸುತ್ತ ಬಂದಿವೆ. ಶಾಸನದಲ್ಲಿ ಒಂದು ಅಕ್ಷರ ಸವೆದಿದ್ದರೆ ಅದರ ಬಗೆಗೆ ಹತ್ತು ಪುಟಗಳ ಚರ್ಚೆ ನಡೆಸುವ ನಾವು, ಒಂದು ಚಿತ್ರವನ್ನು ಯಾರು, ಯಾವಾಗ, ಯಾವ ಸಾಧನದಿಂದ, ಯಾರನ್ನು ಎದುರಿಗೆ ನಿಲ್ಲಿಸಿಕೊಂಡು ತೆಗೆದರೆಂಬ ಪ್ರಶ್ನೆಯನ್ನು ಕೇಳುವುದು ಅಪರೂಪ. ಈ ಲೇಖನದಲ್ಲಿ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಂಬ ನಾಲ್ಕು ಊರುಗಳ ಸೀಮೆಯಲ್ಲಿ, ಕಾಗದದ ನೆಗೆಟಿವ್ ಮತ್ತು ಫಿಲ್ಮುಗಳ ಕಾಲದಲ್ಲಿ ನಡೆದ ಛಾಯಾಗ್ರಹಣವನ್ನು ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸಬೇಕೆಂದಿದ್ದೇವೆ. ಇಲ್ಲಿ ಭಾವಚಿತ್ರದ ಗೌರವ ಯಾರಿಗೆ ದೊರೆಯಿತು?

ಮುಖ ಕಾಣುವ ಚಿತ್ರವೆಲ್ಲವೂ ಭಾವಚಿತ್ರವಾಗದು. ಸಂತೆಯಲ್ಲಿ ತೆಗೆದ ಚಿತ್ರದಲ್ಲಿ ನೂರು ಮುಖಗಳಿರಬಹುದು; ಅವುಗಳಲ್ಲಿ ಒಂದೂ ಭಾವಚಿತ್ರವಲ್ಲದಿರಬಹುದು. ಎದುರಿಗಿರುವ ಒಂದು ಜೀವವನ್ನೊ ವಸ್ತುವನ್ನೊ ಅದರಂತೆ ಇನ್ನೊಂದಿಲ್ಲವೆಂಬ ಭಾವದಿಂದ, ಅದಕ್ಕೆ ತಕ್ಕ ಕಾಲವನ್ನು ವ್ಯಯಿಸಿ, ನೋಡಿ ತೆಗೆದದ್ದು ಭಾವಚಿತ್ರವೆಂದು ನಾವು ಈ ಲೇಖನದ ಮಟ್ಟಿಗೆ ಇಟ್ಟುಕೊಳ್ಳುತ್ತೇವೆ. ಇದಕ್ಕೆ ಇನ್ನೊಂದು ಲಕ್ಷಣವನ್ನೂ ಸೇರಿಸಬೇಕು, ಅದು ಹೆಸರು. ತಿರುಮಲೆಯ ದೇವಾಲಯದಲ್ಲಿರುವ ಕೃಷ್ಣದೇವರಾಯನ ಲೋಹಪ್ರತಿಮೆಯನ್ನು ನಮ್ಮ ವಿದ್ಯಾರ್ಥಿಗಳು ಪಠ್ಯಪುಸ್ತಕದಲ್ಲಿ ಕಂಡಿದ್ದಾರೆ. ತಿರುಮಲಾದೇವಿ, ಚಿನ್ನಾದೇವಿಯರ ನಡುವೆ ಅರಸನು ಕೈಮುಗಿದು ನಿಂತಿದ್ದಾನೆ. ಆ ಮೂರ್ತಿಗಳ ಮೇಲೆ ಅವರವರ ಹೆಸರುಗಳನ್ನು ಕೆತ್ತಲಾಗಿದೆ. ಹೆಸರಿಲ್ಲದಿದ್ದರೆ ಅವು ಯಾವನೋ ಒಬ್ಬ ಭಕ್ತನ, ಯಾರೋ ಇಬ್ಬರು ಹೆಂಗಸರ ಪ್ರತಿಮೆಗಳಾಗಿ ಉಳಿಯುತ್ತಿದ್ದುವು. ಬಿಂಬಕ್ಕೆ ಹೆಸರನ್ನು ಕೂಡಿಸುವ ಪದ್ಧತಿ ವಿಜಯನಗರಕ್ಕೆ ಹೊಸದಲ್ಲವೆಂಬುದನ್ನು ಮುಂದಿನ ಚರ್ಚೆಯಲ್ಲಿ ನೆನಪಿನಲ್ಲಿಡತಕ್ಕದ್ದು.

ಹಂಪಿಯ ಛಾಯಾಚಿತ್ರಣದ ಕಥೆಯನ್ನು 1856ರಿಂದ ತೊಡಗುವುದು ವಾಡಿಕೆ. ಆ ವರ್ಷ ಮದರಾಸು ಸೈನ್ಯದ ಅಧಿಕಾರಿಯಾದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತ ಹಾಳು ಹಂಪಿಯಲ್ಲಿ ಸುಮಾರು ಅರವತ್ತು ಚಿತ್ರಗಳನ್ನು ತೆಗೆದ. ಆಗ ಗಾಜಿನ ಫಲಕದ ವಿಧಾನ ಬಳಕೆಗೆ ಬಂದಿತ್ತಾದರೂ, ಫಲಕವು ಹಸಿಯಾಗಿರುವಾಗಲೇ ಚಿತ್ರ ತೆಗೆದು, ಅಲ್ಲಿಯೇ ಕತ್ತಲೆ ಮಾಡಿಕೊಂಡು ಸಂಸ್ಕರಿಸಬೇಕಾದ ಕಷ್ಟ ಅದಕ್ಕಿತ್ತು. ಬಳ್ಳಾರಿಯ ಬಿಸಿಲಿನಲ್ಲಿ ಅದು ಎಷ್ಟು ಬೇಗ ಒಣಗುತ್ತಿತ್ತೆಂಬುದನ್ನು ಈ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಗ್ರೀನ್‌ಲಾ ಹಿಡಿದದ್ದು ಫ್ರಾನ್ಸಿನ ಗುಸ್ತಾವ್ ಲೆ ಗ್ರೇ 1851ರಲ್ಲಿ ಪ್ರಕಟಿಸಿದ ಮೇಣಗಾಗದದ ಮಾರ್ಗವನ್ನು. ಒಳ್ಳೆಯ ಕಾಗದಕ್ಕೆ ಮೇಣವೂಡಿಸಿ, ಬೆಳ್ಳಿಯ ಲವಣಗಳಿಂದ ಅದನ್ನು ಬೆಳಕಿಗೆ ಸ್ಪಂದಿಸುವಂತೆ ಮಾಡಿ, ಕೆಲವು ದಿನ ಮುಂಚಿತವಾಗಿಯೇ ಸಿದ್ಧಪಡಿಸಿ ಇಟ್ಟುಕೊಳ್ಳಬಹುದಾಗಿತ್ತು. ಚಿತ್ರ ತೆಗೆದ ಮೇಲೆ ಬಿಡಾರಕ್ಕೆ ಬಂದು ಸಂಸ್ಕರಿಸಬಹುದಾಗಿತ್ತು. ನೆಗೆಟಿವನ್ನು ಹಿಗ್ಗಿಸಿ ಅಚ್ಚುತೆಗೆಯುವ ರೂಢಿ ಆಗ ಇರಲಿಲ್ಲವಾದ್ದರಿಂದ ಚಿತ್ರ ಎಷ್ಟು ದೊಡ್ಡದಾಗಬೇಕೊ ಕಾಗದವೂ ಅಷ್ಟೇ ದೊಡ್ಡದಿರಬೇಕು. ಗ್ರೀನ್‌ಲಾನ ಹಾಳೆಗಳು ಹತ್ತಿರ ಹತ್ತಿರ ಒಂದು ಮೊಳದಷ್ಟಿವೆ. ಅಷ್ಟು ದೊಡ್ಡ ಪೆಟ್ಟಿಗೆಯನ್ನು ಹೊರಿಸಿಕೊಂಡು ವಿಠಲಾಪುರದ ಬಂಡೆಗಳ ನಡುವೆ ತಿರುಗಾಡಿದವನ ಆಸಕ್ತಿಯನ್ನು ಮೆಚ್ಚದಿರುವುದು ಹೇಗೆ?

ಈ ಚಿತ್ರಗಳ ಆಕರಮೌಲ್ಯಕ್ಕೆ ಒಂದು ನಿದರ್ಶನ ಸಾಕು. ವಿಜಯವಿಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥದ ಮೇಲೆ ಗ್ರೀನ್‌ಲಾನ ಚಿತ್ರದಲ್ಲಿ ಇಟ್ಟಿಗೆಯ ಶಿಖರವೊಂದು ಎದ್ದುಕಾಣುತ್ತದೆ. ಅದು ಅನಂತರ ಇಲ್ಲವಾಯಿತು. 2017ರಲ್ಲಿ ಹೊರಬಂದ 50 ರೂಪಾಯಿಯ ನೋಟಿನ ಮೇಲೆ ನಾವು ಕಾಣುವುದು ಶಿಖರವಿಲ್ಲದ ರಥವನ್ನು. ಇಂದಿನ ವಿದ್ಯಾರ್ಥಿಗೆ ರಥವೆಂದರೆ ಅದೇ. ಅದರ ತಲೆ ಹೋಗಿದೆಯೆಂದು ಹೇಳಿದರೆ ಅವನು ನಂಬಲಾರ. ಮೇಣಗಾಗದದ ಒಂದು ಹಾಳೆ ಉಳಿಯದಿದ್ದರೆ ನಾವು ಅದನ್ನು ರುಜುವಾತು ಮಾಡಿ ತೋರಿಸುವುದು ಕಷ್ಟವಾಗುತ್ತಿತ್ತು. ಗ್ರೀನ್‌ಲಾ ರಥವನ್ನು ನೋಡಿದ ರೀತಿಯೂ ಗಮನಾರ್ಹ. ಅದನ್ನು ನಡುವೆ ಇರಿಸಿ, ಮುಕ್ಕಾದುದನ್ನು ಮರೆಮಾಡದೆ, ಸೊಗಸಿಗಾಗಿ ಗಿಡದ ಕೊಂಬೆಯೊಂದನ್ನು ಅಂಚಿನಲ್ಲಿ ತೂಗಿಸದೆ, ಎದುರಿಗೆ ಕುಳಿತ ಹಿರಿಯರೊಬ್ಬರನ್ನು ನೋಡುವಂತೆ ನೋಡಿದ್ದಾನೆ. ನಮ್ಮ ಅರ್ಥದಲ್ಲಿ ಇದು ಕಲ್ಲಿನ ಭಾವಚಿತ್ರ.

ಆದರೆ ಆ ಚಿತ್ರಗಳಲ್ಲಿ ಒಂದು ಮೌನವಿದೆ. ಅದಕ್ಕೆ ಕಾರಣವನ್ನು ತಿಳಿಯದೆ ಅನೇಕರು ಅದನ್ನು ಹಂಪಿಯ ಸಹಜಗುಣವೆಂದು ಭ್ರಮಿಸುತ್ತಾರೆ. ಮೇಣಗಾಗದವು ಬೆಳಕನ್ನು ಹೀರಲು ಮಿನಿಟುಗಟ್ಟಲೆ ಸಮಯ ಬೇಡುತ್ತಿತ್ತು. ಅಷ್ಟು ಹೊತ್ತಿನಲ್ಲಿ ಎದುರಿಗೆ ನಡೆದುಹೋದ ಹೆಂಗಸಾಗಲಿ, ಮೇಯುತ್ತ ಸಾಗಿದ ಎಮ್ಮೆಯಾಗಲಿ, ಓಡಾಡುವ ಹುಡುಗನಾಗಲಿ ಕಾಗದದ ಮೇಲೆ ಗುರುತನ್ನೇ ಬಿಡುವುದಿಲ್ಲ. ಆ ಕಾಲದ ಲೇಪನವು ನೀಲಿಯ ಕಡೆಯ ಬೆಳಕಿಗೆ ಮಾತ್ರ ಸ್ಪಂದಿಸುತ್ತಿತ್ತಾದಕಾರಣ ಆಕಾಶದಲ್ಲಿ ಮೋಡ ನಿಲ್ಲುವುದಿಲ್ಲ. ಅಚ್ಚಿನಲ್ಲಿ ಅದು ಬರಿಯ ಬಿಳಿಯಾಗುತ್ತದೆ. ಹೀಗೆ ನಿರ್ಜನವಾದ ಬೀದಿ, ಶೂನ್ಯವಾದ ಆಕಾಶ, ನಡುವೆ ಹಾಳುಗೋಪುರ ಎಂಬ ದೃಶ್ಯ ಸಿದ್ಧವಾಯಿತು. ಇದರಲ್ಲಿ ಕವಿಕಲ್ಪನೆಯ ಪಾಲು ಕಡಮೆ, ರಸಾಯನಶಾಸ್ತ್ರದ ಪಾಲು ಹೆಚ್ಚು. ವಿರೂಪಾಕ್ಷನ ಪೂಜೆ ನಿಲ್ಲದೆ ನಡೆದುಬಂದ ಊರು ಹಂಪಿ. ಪೂಜೆಗೆ ಅರ್ಚಕನೂ ಹೂವಿನವನೂ ಜಾತ್ರೆಗೆ ಜನವೂ ಬೇಕಷ್ಟೆ. ಕಾಗದಕ್ಕೆ ಅವರನ್ನು ಕಾಣುವ ಶಕ್ತಿಯಿರಲಿಲ್ಲ.

ಬಹುಕಾಲ ಖಾಸಗಿ ಕೈಗಳಲ್ಲಿದ್ದು ಬೆಳಕಿಗೆ ಬಂದ ಈ ನೆಗೆಟಿವ್‌ಗಳನ್ನು ಆಧಾರವಾಗಿ ಇಟ್ಟುಕೊಂಡು ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತ ಜಾಗಗಳಲ್ಲಿಯೇ ನಿಂತು ಮತ್ತೆ ಚಿತ್ರ ತೆಗೆದರು. ಜಾರ್ಜ್ ಮಿಶೆಲ್, ಜಾನ್ ಫ್ರಿಟ್ಜ್ ಇವರು ಹಂಪಿಯಲ್ಲಿ ನಡೆಸುತ್ತಿದ್ದ ಸಮೀಕ್ಷೆಯ ಸಹವಾಸದಲ್ಲಿ ಈ ಕೆಲಸ ನಡೆಯಿತು. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಯಾವ ಕಂಬ ಬಿದ್ದಿತು, ಯಾವುದಕ್ಕೆ ಆಸರೆ ಕೊಟ್ಟರು, ಎಲ್ಲಿ ಗಿಡ ಬೆಳೆಯಿತು ಎಂಬುದೆಲ್ಲ ತಿಳಿಯುತ್ತದೆ. ಇತಿಹಾಸದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ಅಪರೂಪ. ಅದೇ ಗೋಲಿಂಗ್ಸ್ ಅವರ ರಾತ್ರಿಯ ಚಿತ್ರಗಳು 1991ರಲ್ಲಿ ಗ್ರಂಥರೂಪದಲ್ಲಿ ಹೊರಬಂದ ‘ಸಿಟಿ ಆಫ್ ವಿಕ್ಟರಿ’ಯಲ್ಲಿವೆ. ಕತ್ತಲಲ್ಲಿ ಕ್ಯಾಮೆರಾದ ಕಣ್ಣನ್ನು ಬಹಳ ಹೊತ್ತು ತೆರೆದಿಟ್ಟು, ಕಟ್ಟಡಗಳ ಮೇಲೆ ಫ್ಲಾಶಿನ ಬೆಳಕು ಚೆಲ್ಲಿ ತೆಗೆದವು ಅವು. ಬಂಡೆಗಳೂ ಮಂಟಪಗಳೂ ತಮ್ಮೊಳಗಿನಿಂದಲೇ ಬೆಳಗುತ್ತಿರುವಂತೆ ತೋರುವ ಆ ಚಿತ್ರಗಳ ಕೌಶಲ ಅಸಾಧಾರಣವಾದದ್ದು.

ನಮ್ಮ ಆಕ್ಷೇಪ ಕೌಶಲದ ಮೇಲಿಲ್ಲ. 1856ರ ಛಾಯಾಗ್ರಾಹಕನಿಗೆ ಜನರಿಲ್ಲದ ಹಂಪಿ ಅನಿವಾರ್ಯವಾಗಿತ್ತು. 1980ರ ದಶಕದಲ್ಲಿ ಫಿಲ್ಮಿಗೆ ಕ್ಷಣದ ನೂರರ ಒಂದು ಭಾಗ ಸಾಕಾಗುತ್ತಿದ್ದಾಗ ಅದೇ ನಿರ್ಜನತೆ ಆಯ್ಕೆಯಾಯಿತು. ಆಗ ಹಂಪಿಯ ಬಜಾರಿನ ಕಲ್ಲುಮಂಟಪಗಳಲ್ಲಿ ಸಂಸಾರಗಳಿದ್ದುವು. ಅಂಗಡಿಗಳು, ಹೋಟೆಲುಗಳು ಇದ್ದುವು. ಮಂಟಪದ ಕಂಬಕ್ಕೆ ಕಟ್ಟಿದ ತೊಟ್ಟಿಲಿನಲ್ಲಿ ಕೂಸುಗಳು ಮಲಗುತ್ತಿದ್ದುವು. ರಾತ್ರಿಯ ಚಿತ್ರದಲ್ಲಿ ಈ ಸಂಸಾರಗಳು ಕತ್ತಲಿಗೆ ಸೇರಿದುವು. 1986ರಲ್ಲಿ ಹಂಪಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2011ರ ಜುಲೈ ತಿಂಗಳಿನಲ್ಲಿ ಬಜಾರಿನ ಮನೆ-ಅಂಗಡಿಗಳನ್ನು ಕೆಡವಿ ಜನರನ್ನು ಎಬ್ಬಿಸಲಾಯಿತು. ಛಾಯಾಚಿತ್ರಗಳು ಇದಕ್ಕೆ ಕಾರಣವಾದುವೆಂದು ನಾವು ಹೇಳುವುದಿಲ್ಲ; ಕಾನೂನಿನ, ಸಂರಕ್ಷಣೆಯ, ಒತ್ತುವರಿಯ ಪ್ರಶ್ನೆಗಳು ಬೇರೆ, ಅವಕ್ಕೆ ತಮ್ಮದೇ ಆದ ವಾದ-ಪ್ರತಿವಾದಗಳಿವೆ. ಆದರೆ ಒಂದು ಸ್ಥಳದ ನಿಜವಾದ ರೂಪ ನಿರ್ಜನವಾದದ್ದೆಂದು ನೂರೈವತ್ತು ವರ್ಷ ಚಿತ್ರಗಳಲ್ಲಿ ನೋಡುತ್ತ ಬಂದ ಕಣ್ಣಿಗೆ, ಅಲ್ಲಿ ವಾಸಿಸುವವನು ಚಿತ್ರವನ್ನು ಕೆಡಿಸುವವನಂತೆ ಕಾಣುವುದು ಸಹಜ. ಗ್ರೀನ್‌ಲಾನ ಕಾಗದ ಕಾಣಲಾರದ್ದನ್ನು ನಾವು ಕಾಣಲೊಲ್ಲದೆ ಹೋದೆವೆಂದೇ ನಮಗೆ ತೋರುತ್ತದೆ. ಎದ್ದುಹೋದ ಆ ಸಂಸಾರಗಳ ಮುಖಗಳನ್ನು ನೋಡಬೇಕೆಂದರೆ ಇಂದು ಯಾವ ಗ್ರಂಥವನ್ನು ತೆರೆಯಬೇಕು?

ಇನ್ನು ಸಂಡೂರಿನ ಕಡೆ ಹೊರಳೋಣ. ಹೊಸಪೇಟೆಯಿಂದ ದಕ್ಷಿಣಕ್ಕೆ ಸುಮಾರು ಮೂವತ್ತು ಕಿಲೋಮೀಟರು ಹೋದರೆ ಕಲ್ಲುಬಂಡೆಗಳ ನಾಡು ಮುಗಿದು ಕಬ್ಬಿಣದ ಕೆಂಪುಬೆಟ್ಟಗಳ ಕಣಿವೆ ಸಿಕ್ಕುತ್ತದೆ. ಇಲ್ಲಿ ಫಿಲ್ಮಿನ ಕಥೆ ಬೇರೆಯಾಯಿತು. ತಮಿಳಿನ ಪ್ರಸಿದ್ಧ ಲೇಖಕ ಎ. ಮಾಧವಯ್ಯನವರ ಮಗ ಎಂ. ಕೃಷ್ಣನ್ (1912–1996) 1942ರಲ್ಲಿ ಸಂಡೂರು ಸಂಸ್ಥಾನದ ನೌಕರಿಗೆ ಬಂದರು. ಸಂಸ್ಥಾನ ಚಿಕ್ಕದು, ಚಿಕ್ಕ ಸಂಸ್ಥಾನದಲ್ಲಿ ಒಬ್ಬನೇ ಹಲವು ವೇಷಗಳನ್ನು ಹಾಕಬೇಕು. ಉಪಾಧ್ಯಾಯ, ನ್ಯಾಯಾಧೀಶ, ಪ್ರಚಾರಾಧಿಕಾರಿ, ಮಹಾರಾಜರ ಕಾರ್ಯದರ್ಶಿ ಹೀಗೆ ಕೃಷ್ಣನ್ ಅವರು ದುಡಿದರು. ನಡುನಡುವೆ ಕುರಿ ಮೇಯಿಸಿದರು, ಪಾರಿವಾಳ ಸಾಕಿದರು. ನ್ಯಾಯಪೀಠಕ್ಕಿಂತ ಕುರಿಹಟ್ಟಿಯೇ ಅವರಿಗೆ ಹೆಚ್ಚು ಕಲಿಸಿತೆಂದು ಅವರ ಬರಹಗಳನ್ನು ಓದಿದವರಿಗೆ ಅನ್ನಿಸದೆ ಇರದು. 1949ರ ಏಪ್ರಿಲಿನಲ್ಲಿ ಸಂಡೂರು ಮದರಾಸು ಪ್ರಾಂತದಲ್ಲಿ ವಿಲೀನವಾಯಿತು. ಮರುವರ್ಷ, 1950ರಲ್ಲಿ, ಕೃಷ್ಣನ್ ‘ಸ್ಟೇಟ್ಸ್‌ಮನ್’ ಪತ್ರಿಕೆಯಲ್ಲಿ ತೊಡಗಿದ ‘ಕಂಟ್ರಿ ನೋಟ್‌ಬುಕ್’ ಅಂಕಣ ಅವರು 1996ರಲ್ಲಿ ತೀರಿಕೊಳ್ಳುವವರೆಗೂ ನಡೆಯಿತು.

ಕೃಷ್ಣನ್ ಅವರ ಛಾಯಾಚಿತ್ರಗಳೆಲ್ಲ ಕಪ್ಪು-ಬಿಳುಪಿನವು. ವರ್ಣದ ಫಿಲ್ಮು ಸುಲಭವಾಗಿ ದೊರೆಯುವ ಕಾಲ ಬಂದಮೇಲೂ ಅವರು ಹಟದಿಂದ ಇದನ್ನೇ ಹಿಡಿದರು; ಸಂಸ್ಕರಣವನ್ನೂ ತಾವೇ ಮಾಡಿಕೊಳ್ಳುತ್ತಿದ್ದರು. ಬೇರೆ ಬೇರೆ ತಯಾರಕರ ಬಿಡಿಭಾಗಗಳನ್ನು ಕೂಡಿಸಿ ಕಟ್ಟಿಕೊಂಡ ಒಂದು ಭಾರಿ ಕ್ಯಾಮೆರಾಕ್ಕೆ ‘ಸೂಪರ್ ಪಾಂಡೆರೋಸಾ’ ಎಂದು ತಾವೇ ವಿನೋದದ ಹೆಸರಿಟ್ಟಿದ್ದರು. ಮುದುಮಲೆಯಂಥ ಕಾಡುಗಳಲ್ಲಿ ಸಾಕಾನೆಯ ಬೆನ್ನಮೇಲೆ ಕುಳಿತು ಕಾಡಾನೆಗಳನ್ನು ಚಿತ್ರಿಸಿದರು. ಈ ದುಡಿಮೆಯ ಫಲ 1975ರಲ್ಲಿ ಮುಂಬಯಿಯ ನೈಸರ್ಗಿಕ ಇತಿಹಾಸ ಸಂಘದವರು ಪ್ರಕಟಿಸಿದ ‘ಇಂಡಿಯಾಸ್ ವೈಲ್ಡ್‌ಲೈಫ್’ ಗ್ರಂಥದಲ್ಲಿಯೂ, ಅವರ ನಿಧನಾನಂತರ 2006ರಲ್ಲಿ ಬಂದ ‘ಐ ಇನ್ ದ ಜಂಗಲ್’ ಸಂಕಲನದಲ್ಲಿಯೂ ಇದೆ. ಎರಡನೆಯದರ ಸಂಪಾದಕರಲ್ಲಿ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಒಬ್ಬರು.

ಪ್ರದರ್ಶನದ ದೃಷ್ಟಿಯಿಂದ ನೋಡುವವರು ಕೃಷ್ಣನ್ ಅವರ ಚಿತ್ರಗಳಲ್ಲಿ ದೋಷ ಹುಡುಕುವುದು ಸುಲಭ. ಕೆಲವು ಮಸುಕಾಗಿವೆ, ಕೆಲವಲ್ಲಿ ಪ್ರಾಣಿಯ ಮುಂದೆ ಹುಲ್ಲು ಅಡ್ಡವಾಗಿದೆ. ಆದರೆ ಅವರ ಆನೆಯನ್ನು ನೋಡಿದರೆ ‘ಆನೆ’ ಎಂಬ ಜಾತಿಯ ಪ್ರತಿನಿಧಿ ಕಾಣುವುದಿಲ್ಲ. ಇಂಥ ವಯಸ್ಸಿನ, ಇಂಥ ಹಿಂಡಿನಲ್ಲಿ ಇಂಥ ಸ್ಥಾನವುಳ್ಳ, ಈ ಹೊತ್ತಿನಲ್ಲಿ ಸಂಶಯಗೊಂಡಿರುವ ಅಥವಾ ಸಮಾಧಾನದಲ್ಲಿರುವ ಒಂದು ಆನೆ ಕಾಣುತ್ತದೆ. ಚಿತ್ರದ ಜೊತೆಯ ಬರಹವೂ ಅದೇ ಮಾತನ್ನು ಹೇಳುತ್ತದೆ. ಎದುರಿಗಿರುವ ಜೀವವನ್ನು ವ್ಯಕ್ತಿಯೆಂದು ಬಗೆಯುವ ಈ ಗುಣವನ್ನೇ ನಾವು ಭಾವಚಿತ್ರದ ಪ್ರಾಣವೆಂದದ್ದು.

ಕೃಷ್ಣನ್ ಸಂಡೂರಿಗೆ ಬಂದಾಗ ಅರಸುಮನೆತನದ ಹಿರಿಯ ಮಗ ಮುರಾರಿರಾವ್ ಯಶವಂತರಾವ್ ಘೋರ್ಪಡೆ (1931–2011) ಹತ್ತು ಹನ್ನೊಂದು ವರ್ಷದ ಹುಡುಗ. ಮುಂದೆ ಅವರು ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರ ಓದಿ, ಸಂಡೂರಿನಿಂದ ಶಾಸಕರಾಗಿ, 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಅರ್ಥಸಚಿವರಾಗಿ, ಆಮೇಲೆ ಗ್ರಾಮೀಣಾಭಿವೃದ್ಧಿ ಸಚಿವರಾಗಿ ಹೆಸರಾದದ್ದನ್ನು ಎಲ್ಲರೂ ಬಲ್ಲರು. ಆದರೆ 1983ರಲ್ಲಿ ಲಂಡನ್ನಿನಿಂದ ಪ್ರಕಟವಾದ ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಎಂಬ ಗ್ರಂಥವನ್ನು ನಮ್ಮ ಕಾಲೇಜುಗಳ ಗ್ರಂಥಭಂಡಾರಗಳಲ್ಲಿ ಹುಡುಕಿ ನೋಡುವವರು ಎಷ್ಟು ಮಂದಿ? ವನ್ಯಜೀವಿ ಛಾಯಾಗ್ರಾಹಕನೊಬ್ಬನ ದಿನಚರಿಯೆಂಬ ಉಪಶೀರ್ಷಿಕೆ ಅದಕ್ಕಿದೆ. ಕೃಷ್ಣನ್ ನೋಡಿ ಬರೆಯುವವರು; ಘೋರ್ಪಡೆಯವರು ಕಾದು ಕುಳಿತು ಬೆಳಕನ್ನು ಹಿಡಿಯುವವರು. ಹೆಸರೇ ಸೂಚಿಸುವಂತೆ ಬಿಸಿಲು-ನೆರಳುಗಳ ಹೊಂದಿಕೆಯಲ್ಲಿ ಅವರಿಗೆ ಹೆಚ್ಚಿನ ಆಸ್ಥೆ. ಕಪ್ಪು-ಬಿಳುಪಿನ ಅಚ್ಚಿನಲ್ಲಿ ಕಪ್ಪು ಎಷ್ಟು ಆಳವಾಗಬೇಕು, ಹಕ್ಕಿಯ ಗರಿಯ ಬಿಳಿ ಎಲ್ಲಿ ನಿಲ್ಲಬೇಕು ಎಂಬ ವಿವೇಚನೆ ಪ್ರದರ್ಶನಗಳಲ್ಲಿ ಪಳಗಿದವರದು. ಮೈಸೂರು-ಬೆಂಗಳೂರುಗಳಲ್ಲಿ ಡಾ. ಜಿ. ಥಾಮಸ್ ಮೊದಲಾದವರ ಪ್ರಯತ್ನದಿಂದ 1950ರ ದಶಕದಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟ ಕಟ್ಟಿಕೊಂಡಮೇಲೆ ಬೆಳೆದ ಸಲೋನ್ ಸಂಪ್ರದಾಯದ ಶಿಸ್ತು ಇದು. ಆ ಶಿಸ್ತಿಗೆ ಒಂದು ಅಪಾಯವೂ ಉಂಟು: ಚಿತ್ರ ಚೆಲುವಾದಷ್ಟೂ ಜೀವ ನಿಮಿತ್ತವಾಗಿಬಿಡಬಹುದು. ಘೋರ್ಪಡೆಯವರು ಇದರಿಂದ ಬಹುಮಟ್ಟಿಗೆ ಪಾರಾದದ್ದು ತಾಳ್ಮೆಯ ಬಲದಿಂದ. ಆದರೂ ಇಬ್ಬರಲ್ಲಿ ಯಾರು ಹೆಚ್ಚೆಂದು ಕೇಳಿದರೆ ನಮ್ಮ ಒಲವು ಕೃಷ್ಣನ್ ಅವರ ಮಸುಕು ಚಿತ್ರಗಳ ಕಡೆಗೇ.

ಫಿಲ್ಮು ಈ ತಾಳ್ಮೆಯನ್ನು ಕಲಿಸುತ್ತಿತ್ತೆಂಬುದನ್ನು ಇಂದಿನ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿದೆ. ಚೌಕಚಿತ್ರದ 120 ನಂಬರಿನ ಒಂದು ರೋಲಿನಲ್ಲಿ ದೊರೆಯುತ್ತಿದ್ದದ್ದು 12 ಚಿತ್ರಗಳು; 35 ಮಿಲಿಮೀಟರಿನದರಲ್ಲಿ 36. ಆಮದಿನ ಕಟ್ಟುನಿಟ್ಟಿನ ದಿನಗಳಲ್ಲಿ ಒಳ್ಳೆಯ ಫಿಲ್ಮು ದುರ್ಲಭ. ಉದಕಮಂಡಲದ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮು ಬಂದದ್ದು 1960ರ ದಶಕದ ಕೊನೆಗೆ. ಗುಂಡಿ ಒತ್ತಿದಮೇಲೆ ಚಿತ್ರ ಬಂದಿತೊ ಇಲ್ಲವೊ ತಿಳಿಯಬೇಕಾದರೆ ಕತ್ತಲೆಕೋಣೆಗೆ ಹಿಂದಿರುಗಬೇಕು. ಹೀಗಿರಲಾಗಿ ಗುಂಡಿ ಒತ್ತುವ ಮುಂಚೆ ನೋಡುವುದೇ ದೊಡ್ಡ ಕೆಲಸವಾಗಿತ್ತು.

ಈ ಸಂದರ್ಭದಲ್ಲಿ ಸಂಡೂರಿನ ಒಂದು ವೈಚಿತ್ರ್ಯವನ್ನು ಹೇಳದೆ ಮುಂದುವರಿಯಲಾಗದು. ಕಾಡನ್ನು ಅಷ್ಟು ಪ್ರೀತಿಯಿಂದ ಚಿತ್ರಿಸಿದ ಮನೆತನವೇ 1954ರಲ್ಲಿ ಮ್ಯಾಂಗನೀಸು-ಕಬ್ಬಿಣ ಅದಿರಿನ ಗಣಿ ಕಂಪನಿಯನ್ನು ಸ್ಥಾಪಿಸಿತು. ಗಣಿಗಳ ಕೆಂಪುಧೂಳಿಗೆ ಅದೊಂದೇ ಹೊಣೆಯಲ್ಲ. ಆಮೇಲೆ ಬಂದವರ ಹಾವಳಿ ಎಂಥದೆಂಬುದು 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ದೇಶಕ್ಕೆಲ್ಲ ತಿಳಿಯಿತು. ನಮ್ಮ ಮಾತು ಚಿತ್ರಕ್ಕೆ ಸಂಬಂಧಿಸಿದ್ದು. ಕಪ್ಪು-ಬಿಳುಪು ಫಿಲ್ಮಿನಲ್ಲಿ ಸಂಡೂರಿನ ಕೆಂಪು ಕಾಣುವುದಿಲ್ಲ. ಬೆಟ್ಟ, ಧೂಳು, ಅದಿರು ಹೊತ್ತವನ ಮೈ ಎಲ್ಲವೂ ಬೂದುಬಣ್ಣದ ಛಾಯೆಗಳೇ. ಆ ಕಾಡಿನ ಪ್ರಾಣಿಯ ಭಾವಚಿತ್ರ ಲಂಡನ್ನನ್ನು ಮುಟ್ಟಿತು; ಅದೇ ಬೆಟ್ಟದಲ್ಲಿ ಅದಿರು ಹೊತ್ತವನ ಭಾವಚಿತ್ರಕ್ಕೆ ಅಂಥ ತಾಳ್ಮೆಯಿಂದ ಯಾರೂ ಕಾದು ಕುಳಿತ ಹಾಗೆ ಕಾಣೆವು.

ಹಾಗಾದರೆ ಈ ಸೀಮೆಯ ಮನುಷ್ಯರು ಭಾವಚಿತ್ರವನ್ನೇ ತೆಗೆಸಿಕೊಳ್ಳಲಿಲ್ಲವೆ? ತೆಗೆಸಿಕೊಂಡರು, ಹೊಸಪೇಟೆಯ, ಕಂಪ್ಲಿಯ ಸ್ಟುಡಿಯೊಗಳಲ್ಲಿ. ಮದುವೆಯಾದ ವರ್ಷ, ಮಗುವಿನ ನಾಮಕರಣವಾದಮೇಲೆ, ಮಗ ಪರೀಕ್ಷೆಯಲ್ಲಿ ತೇರ್ಗಡೆಯಾದಾಗ, ಕೆಲವು ಸಲ ವೃದ್ಧರು ಇನ್ನು ಹೆಚ್ಚುಕಾಲ ಇರಲಾರರೆಂದು ತೋರಿದಾಗ, ಜನ ಒಳ್ಳೆಯ ಬಟ್ಟೆ ತೊಟ್ಟು ಸ್ಟುಡಿಯೊದ ಮೆಟ್ಟಲು ಹತ್ತಿದರು. ಬಣ್ಣ ಬಳಿದ ಪರದೆಯ ಮುಂದೆ ಗಂಡ ಕುರ್ಚಿಯಲ್ಲಿ, ಹೆಂಡತಿ ಪಕ್ಕದಲ್ಲಿ ನಿಂತು. ಮೇಜಿನ ಮೇಲೆ ಕಾಗದದ ಹೂ. ಕೈಗೆ ಗಡಿಯಾರ, ಅದು ಕಾಣುವಂತೆ ತೋಳು ಮೇಲೆ. ನಮ್ಮ ವಿದ್ಯಾರ್ಥಿಗಳ ಮನೆಗಳ ಗೋಡೆಗಳಲ್ಲಿ ಇಂಥ ಚಿತ್ರಗಳನ್ನು ನಾವು ಬಹಳ ನೋಡಿದ್ದೇವೆ. ವಿಮರ್ಶಕರು ಇವುಗಳನ್ನು ಕಲೆಯೆಂದು ಎಣಿಸಿಲ್ಲ. ಒಂದೇ ಪರದೆ, ಒಂದೇ ಭಂಗಿ ಎಂದು ಅವರ ದೂರು. ಭಂಗಿ ಒಂದೇ ಆದುದರಿಂದಲೇ ಮುಖಗಳ ಭೇದ ಎದ್ದುಕಾಣುತ್ತದೆ ಎಂದು ನಮಗನಿಸುತ್ತದೆ. ಜರ್ಮನಿಯ ಆಗಸ್ಟ್ ಸ್ಯಾಂಡರ್ ತನ್ನ ನಾಡಿನ ರೈತ, ಅಡುಗೆಯವ, ವಕೀಲ, ನಿರುದ್ಯೋಗಿ ಮುಂತಾದವರನ್ನು ಹೀಗೆಯೇ ನೇರವಾಗಿ ನಿಲ್ಲಿಸಿ ತೆಗೆದು 1929ರಲ್ಲಿ ‘ಕಾಲದ ಮುಖ’ ಎಂಬರ್ಥದ ಗ್ರಂಥವನ್ನು ಹೊರತಂದ. ನಾಜಿಗಳು 1936ರಲ್ಲಿ ಅದರ ಅಚ್ಚುಫಲಕಗಳನ್ನು ನಾಶಮಾಡಿಸಿದರು. ಆಳುವವರು ತಮಗೆ ಬೇಕಾದ ಮುಖವೊಂದನ್ನೇ ನಾಡಿನ ಮುಖವೆಂದು ಸಾರಬಯಸಿದಾಗ, ಇದ್ದ ಮುಖಗಳೆಲ್ಲವನ್ನೂ ತೋರಿಸುವ ಪುಸ್ತಕ ಅವರಿಗೆ ಸಹಿಸದು.

ಸ್ಟುಡಿಯೊ ಚಿತ್ರಗಳನ್ನು ಓದುವುದಕ್ಕೂ ಒಂದು ವಿದ್ಯೆ ಬೇಕು. ಹಳೆಯ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಹಣೆಯ ಕುಂಕುಮ ಅಚ್ಚಿನಲ್ಲಿ ಕಪ್ಪುಬೊಟ್ಟಾಗುತ್ತದೆ. ಕೆಂಪು ಧಾರೆಸೀರೆ ಶೋಕದ ಸೀರೆಯಂತೆ ಕಾಣುತ್ತದೆ. ನಸುಗಪ್ಪು ಮೈ ಇನ್ನಷ್ಟು ಕಪ್ಪಾಗುತ್ತದೆ. ಕೆಂಪನ್ನೂ ಕಾಣಬಲ್ಲ ಪ್ಯಾಂಕ್ರೊಮ್ಯಾಟಿಕ್ ಫಿಲ್ಮು ಬಳಕೆಗೆ ಬಂದಮೇಲೆ ಅದೇ ಮುಖ ತಿಳಿಯಾಯಿತು. ಇದನ್ನರಿಯದೆ ಅಜ್ಜಿ ಮೊಮ್ಮಗಳಿಗಿಂತ ಕಪ್ಪಗಿದ್ದಳೆಂದು ಹೇಳುವ ಕುಟುಂಬಗಳನ್ನು ಕಂಡಿದ್ದೇವೆ. ನೆಗೆಟಿವ್‌ನ ಮೇಲೆ ಸಣ್ಣ ಸೀಸದಕಡ್ಡಿಯಿಂದ ತಿದ್ದಿ ಮೈಲಿಕಲೆಗಳನ್ನೂ ಸುಕ್ಕುಗಳನ್ನೂ ಅಳಿಸುವ ಕಸುಬೂ ಇತ್ತು. ಸಿಡುಬಿನ ಇತಿಹಾಸ ಬರೆಯುವವನು ಅಚ್ಚನ್ನು ನಂಬಿದರೆ ಕೆಟ್ಟ. ತಿದ್ದಿದ ಗುರುತು ನೆಗೆಟಿವನ್ನು ಓರೆಬೆಳಕಿಗೆ ಹಿಡಿದಾಗ ಮಾತ್ರ ಕಾಣುವುದು. ಸಂಡೂರಿನ ಸುತ್ತಣ ತಾಂಡಾಗಳ ಲಂಬಾಣಿ ಹೆಂಗಸರ ಕಸೂತಿಯ ಕೆಂಪು-ನೀಲಿ-ಹಳದಿಗಳು ಫಿಲ್ಮಿನಲ್ಲಿ ಬೂದುಬಣ್ಣದ ಮೆಟ್ಟಲುಗಳಾದರೆ, ಬಟ್ಟೆಗೆ ಹೊಲಿದ ಕನ್ನಡಿಬಿಲ್ಲೆಗಳು ಮಾತ್ರ ಬೆಳಕನ್ನು ಹಿಂದಕ್ಕೆ ಎಸೆದು ಬೆಳ್ಳಗೆ ನಿಲ್ಲುತ್ತವೆ. ಪ್ರವಾಸಿಗಳು ತೆಗೆದ ಚಿತ್ರಗಳಲ್ಲಿ ಇವರು ‘ಲಂಬಾಣಿ ಮಹಿಳೆ’ ಮಾತ್ರ. ತಾನಾಗಿ ಹಣಕೊಟ್ಟು ಸ್ಟುಡಿಯೊದಲ್ಲಿ ಕುಳಿತ ಚಿತ್ರದಲ್ಲಾದರೆ ಆಕೆಯ ಹೆಸರು ಅಂಗಡಿಯ ಪುಸ್ತಕದಲ್ಲಿ ನೆಗೆಟಿವ್ ನಂಬರಿನ ಮುಂದೆ ಬರೆದಿರುತ್ತಿತ್ತು. ಯಾವ ಗ್ರಂಥಕ್ಕೂ ಇಲ್ಲದ ಈ ಬೆಲೆ ಆ ಪುಸ್ತಕಕ್ಕಿದೆ.

ಕಂಪ್ಲಿಯ ಹೊಳೆಯ ದಡದಲ್ಲಿ, ಆನೆಗೊಂದಿಯ ಕಡವಿನಲ್ಲಿ ಹರಿಗೋಲು ಹಾಕುವವನನ್ನು ಚಿತ್ರಿಸದ ಛಾಯಾಗ್ರಾಹಕನಿಲ್ಲ. 1520ರ ಸುಮಾರಿಗೆ ಬಂದ ಪೋರ್ತುಗೀಸರ ಡೊಮಿಂಗೊ ಪಾಯೆಸ್ ಬುಟ್ಟಿಯಂತೆ ದುಂಡಗಿರುವ, ಒಳಗೆ ಬೆತ್ತದ, ಹೊರಗೆ ತೊಗಲಿನ ಈ ದೋಣಿಯಲ್ಲಿ ಹದಿನೈದಿಪ್ಪತ್ತು ಮಂದಿ ಹೋಗಬಹುದೆಂದು ಎಣಿಸಿ ಬರೆದಿದ್ದಾನೆ. ಅಂಬಿಗನ ಹೆಸರು ಕೇಳಿಲ್ಲ. ಐನೂರು ವರ್ಷಗಳ ಮೇಲೆಯೂ ಛಾಯಾಚಿತ್ರಗಳ ಕೆಳಗೆ ‘ಹಂಪಿಯ ಅಂಬಿಗ’ ಎಂದೇ ಇದೆ. ಮುದುಮಲೆಯ ಶಿಬಿರದ ಸಾಕಾನೆಗೂ ಹೆಸರುಂಟು!

ಈಗ ನೆಗೆಟಿವ್‌ಗಳ ಗತಿಯನ್ನು ನೋಡಬೇಕು. ಗ್ರೀನ್‌ಲಾನ ಮೇಣಗಾಗದಗಳಲ್ಲಿ ಬಹಳಷ್ಟು ದೆಹಲಿಯ ಅಲ್ಕಾಜಿ ಸಂಗ್ರಹದ ಭದ್ರತೆಯಲ್ಲಿವೆ. ಕೃಷ್ಣನ್, ಘೋರ್ಪಡೆಯವರ ಚಿತ್ರಗಳು ಗ್ರಂಥಗಳಲ್ಲಿ ಉಳಿದಿವೆ. ಸ್ಟುಡಿಯೊಗಳ ನೆಗೆಟಿವ್‌ಗಳಿಗೆ ಅಂಥ ಆಶ್ರಯವಿಲ್ಲ. ಗಾಜಿನ ಫಲಕಗಳನ್ನು ತೊಳೆದು ಚೌಕಟ್ಟುಗಳಿಗೆ ಹಾಕುವುದು ಎಲ್ಲೆಡೆಯೂ ನಡೆದ ಕೆಲಸ. ಹಳೆಯ ಫಿಲ್ಮನ್ನು ಅದರಲ್ಲಿನ ಬೆಳ್ಳಿಗಾಗಿ ತೂಕದ ಮೇಲೆ ಕೊಳ್ಳುವ ವ್ಯಾಪಾರಿಗಳಿದ್ದರು. ಉಳಿದದ್ದನ್ನು ಹವೆ ತಿನ್ನುತ್ತದೆ. ಅಸಿಟೇಟ್ ಫಿಲ್ಮು ಸೆಕೆಯಲ್ಲಿ, ತೇವದಲ್ಲಿ ಕೊಳೆಯತೊಡಗಿದರೆ ಹುಳಿವಾಸನೆ ಹೊಡೆಯುತ್ತದೆ, ಸುರುಟಿಕೊಳ್ಳುತ್ತದೆ. ಒಂದು ಸುರುಳಿಯ ಆಮ್ಲ ಪಕ್ಕದ ಸುರುಳಿಗೂ ತಗಲುತ್ತದೆ. ಬೇಸಗೆಯಲ್ಲಿ 40 ಡಿಗ್ರಿ ದಾಟುವ, ತುಂಗಭದ್ರೆ ಉಕ್ಕಿದಾಗ ಹೊಳೆಯ ನೀರೇ ಕೋಟೆಯ ಬಾಗಿಲಿಗೆ ಬರುವ ಕಂಪ್ಲಿಯಂಥ ಊರಿನಲ್ಲಿ ಅಟ್ಟದ ತಗಡಿನ ಪೆಟ್ಟಿಗೆ ಎಷ್ಟು ದಿನ ಕಾದೀತು? ಸ್ಯಾಂಡರನ ಸುಮಾರು 30,000 ನೆಗೆಟಿವ್‌ಗಳು ಯುದ್ಧದಿಂದ ಉಳಿದು 1946ರಲ್ಲಿ ನೆಲಮಾಳಿಗೆಯ ಬೆಂಕಿಯಲ್ಲಿ ಸುಟ್ಟುವು. ಆಫ್ರಿಕದ ಬಮಾಕೊ ಪಟ್ಟಣದಲ್ಲಿ 1948ರಲ್ಲಿ ಸ್ಟುಡಿಯೊ ತೆರೆದ ಸೇದು ಕೇಯ್ತಾನದು ಬೇರೆ ಕಥೆ. ನಮ್ಮ ಸ್ಟುಡಿಯೊದವರಂತೆಯೇ ಗಿರಾಕಿಗಳ ಹಣಕ್ಕಾಗಿ ಚಿತ್ರ ತೆಗೆದವನು ಆತ. ನೆಗೆಟಿವ್‌ಗಳನ್ನು ಎಸೆಯದೆ ಪೆಟ್ಟಿಗೆಗಳಲ್ಲಿ ಇಟ್ಟಿದ್ದ. 1990ರ ದಶಕದಲ್ಲಿ ಅವು ಹೊರಬಂದಾಗ ಲೋಕ ಅವನನ್ನು ಶತಮಾನದ ದೊಡ್ಡ ಭಾವಚಿತ್ರಕಾರರಲ್ಲಿ ಎಣಿಸಿತು. ಹೊಸಪೇಟೆಯಲ್ಲಿ ಅಂಥವನಿದ್ದನೊ ಇಲ್ಲವೊ ಎಂಬುದನ್ನು ಪೆಟ್ಟಿಗೆಗಳನ್ನು ತೆರೆದು ನೋಡಿಯೇ ಹೇಳಬೇಕು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯುವ ಹೊತ್ತಿಗೆ ಸುಮಾರು 90 ಹಳ್ಳಿಗಳ ಜನ ಎದ್ದುಬಂದರು. ಅವರಲ್ಲಿ ಎಷ್ಟು ಮಂದಿ ಹೊಸ ಊರಿನಲ್ಲಿ ಮೊದಲ ಚಿತ್ರ ತೆಗೆಸಿಕೊಂಡರೆಂಬುದಕ್ಕೂ ಬೇರೆ ಸಾಕ್ಷಿ ಸಿಕ್ಕುವಂತಿಲ್ಲ.

ಈಚಿನ ವರ್ಷಗಳಲ್ಲಿ ಫಿಲ್ಮು ಕ್ಯಾಮೆರಾಗಳನ್ನು ಹುಡುಕಿ ಕೊಂಡು ಹಂಪಿಗೆ ಬರುವ ತರುಣರು ಕಾಣಸಿಗುತ್ತಾರೆ. ಡಿಜಿಟಲ್ ಕಾಲದಲ್ಲಿ ಹುಟ್ಟಿದವರಿಗೆ ಹನ್ನೆರಡೇ ಚಿತ್ರಗಳ ರೋಲು ಒಂದು ವ್ರತದಂತೆ ಹಿಡಿಸಿದ್ದರೆ ಆಶ್ಚರ್ಯವಿಲ್ಲ. ಅವರಿಗೆ ಮನುಷ್ಯರ ಭಾವಚಿತ್ರದಲ್ಲಿ ಪ್ರೀತಿ ಇರುವುದು ಸಂತೋಷದ ವಿಷಯ. ಕನ್ನಡ ಲೇಖಕರ ಮುಖಗಳನ್ನು ಹಿಡಿದಿಟ್ಟ ಎ.ಎನ್. ಮುಕುಂದ ಅವರ ‘ಮುಖಮುದ್ರೆ’ಯನ್ನು ಇವರು ನೋಡಬೇಕು. ಅಲ್ಲಿ ಪ್ರತಿ ಮುಖಕ್ಕೂ ಹೆಸರಿದೆ. ಲೇಖಕರ ಹೆಸರು ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಬರೆಯುವುದು ಸುಲಭವೆನ್ನಿ. ಕಡವಿನ ಅಂಬಿಗನ ಎದುರು ಮುಕ್ಕಾಲು ಗಂಟೆ ಕುಳಿತು ಬೆಳಕಿಗಾಗಿ ಕಾಯುವ ತರುಣನು ಆ ಹೊತ್ತಿನಲ್ಲಿ ಅವನ ಹೆಸರು, ಊರು, ಹರಿಗೋಲನ್ನು ಯಾರಿಂದ ಕಲಿತನೆಂಬುದು, ದಿನಾಂಕ ಇಷ್ಟನ್ನು ನೆಗೆಟಿವ್ ಇಡುವ ಲಕ್ಕೋಟೆಯ ಮೇಲೆ ಬರೆದಿಟ್ಟರೆ, ಮತ್ತು ಒಂದು ಅಚ್ಚನ್ನು ಅವನ ಮನೆಗೆ ಮುಟ್ಟಿಸಿದರೆ, ಆ ಚಿತ್ರವನ್ನು ನಮ್ಮ ವಿಭಾಗದ ಆಕರಗಳ ಪಟ್ಟಿಯಲ್ಲಿ ಶಾಸನದ ಪಕ್ಕದಲ್ಲಿಯೇ ಸೇರಿಸಲು ನಾವು ಸಿದ್ಧ. ಲಕ್ಕೋಟೆ ಆಮ್ಲರಹಿತ ಕಾಗದದ್ದಾಗಿರಲಿ. ಬರೆಯುವುದು ಸೀಸದಕಡ್ಡಿಯಿಂದ, ನೆಗೆಟಿವನ್ನು ಒಳಗಿಡುವ ಮುಂಚೆ.